ಏನೂ ಆಗಲ್ಲ ಬಿಡಿ

ಕುಶಾಲನಗರದಲ್ಲಿ ಇಡೀ ದಿನ ವೈದ್ಯರಿಗೆ ಪಾಠ ಮಾಡಿದ್ದೆ: ಬೆಳೆಯುತ್ತಿರುವ ಗಂಟನ್ನು ಮುಟ್ಟಿ ನೋಡದೆ, ಸ್ಕ್ಯಾನ್ ಮಾಡಿಸದೆ ಕೊಬ್ಬಿನ ಗಂಟು ಎನ್ನಬೇಡಿ, ಅದು ಸಾರ್ಕೋಮಾ ಎಂಬ ಕ್ಯಾನ್ಸರ್ ಇರಬಹುದು.

ಕೊಡ್ಲಿಪೇಟೆಗೆ ಹೊರಟಾಗ ಜೀಪಿನ ಡ್ರೈವರ್ ತೊಡೆ ಸವರುತ್ತ, “ಕರಿಮೆಣಸು ಕುಯ್ಯೋವಾಗ ಏಣಿ ತಾಗಿತ್ತು ಸಾರ್. ಗಂಟು ದೊಡ್ಡದಾಗ್ತಾನೇ ಇದೆ” ಅಂದ.

ಮೊಬೈಲಿನಿಂದ ಕಣ್ಣೆತ್ತದೆ, “ಕೊಬ್ಬಿನ ಗಂಟು, ಏನೂ ಆಗಲ್ಲ ಬಿಡಿ” ಅಂದೆ.

ಅವನ ಮುಖ ಅರಳಿತು. ಖುಷಿಗೆ ಜೀಪು ನಿಲ್ಲಿಸಿ ಕಾಫಿ ಕೊಡಿಸಿದ. ಮೊದಲ ಗುಟುಕಿಗೇ ನಾನು ಆಡಿದ ಮಾತು ನನಗೆ ಕೇಳಿಸಿತು. ಅಲ್ಲೇ ಹೋಟೆಲಿನ ಬೆಂಚಿನ ಮೇಲೆ ಅವನನ್ನು ಕೂರಿಸಿ ಮುಟ್ಟಿ ನೋಡಿದೆ. ಗಂಟು ಆಳದಲ್ಲಿತ್ತು, ಅಲುಗಲಿಲ್ಲ. ಕೊಬ್ಬಿನ ಗಂಟಾಗಿದ್ದರೆ ಬೆರಳಡಿ ಜಾರಬೇಕಿತ್ತು.

“ನಾಳೆಯೇ ಮೈಸೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿ.”

“ಯಾಕೆ ಸಾರ್? ಏನೂ ಆಗಲ್ಲ ಅಂತ ದೊಡ್ಡ ಡಾಕ್ಟ್ರೇ ಹೇಳಿದ್ರಲ್ಲ!”

ಆ ದೊಡ್ಡ ಡಾಕ್ಟರಿಗೆ ಬುದ್ಧಿಯಿಲ್ಲವೆಂದು ಅವನನ್ನು ನಂಬಿಸುವಷ್ಟರಲ್ಲಿ ಕೊಡ್ಲಿಪೇಟೆ ಬಂದಿತ್ತು.