ಮಾಖೋಜಾಳ ಕಷಾಯದ ಪಾತ್ರೆ

ನೊಂಗೊಮಾ ಎಂಬ ಊರಿನ ಗುಡ್ಡದ ಮೇಲಿನ ಆ ಮನೆಯಲ್ಲಿ ಸೊಸೆಯನ್ನು ಎಲ್ಲರೂ ಕರೆಯುವುದು ತವರಿನ ಕುಲದ ಹೆಸರಿನಿಂದ, ಮಾಖೋಜಾ ಎಂದು. ನೀರು ತಂದು, ಮೆಕ್ಕೆಜೋಳದ ಗಂಜಿ ಕಾಯಿಸಿ, ಅತ್ತೆಯ ಸೊಂಟ ತಿಕ್ಕಿ ಮುಗಿದ ಮೇಲೆ ಅವಳು ಇನ್ಕೊಂಫೆ ಗೆಡ್ಡೆಯ ಸಿಪ್ಪೆ ಹೆರೆದು, ಹೆಚ್ಚಿ, ಕುದಿಸುತ್ತಿದ್ದಳು. ಮೈಗೆ ಶಕ್ತಿ ಬರುತ್ತದೆಂದು ಊರವರು ಕುಡಿಯುವ ಕಹಿ ಕಷಾಯ. ಅದರ ಮೊದಲ ಗುಟುಕಿನೊಂದಿಗೆ ಎಚ್‌ಐವಿ ಮಾತ್ರೆ ನುಂಗುತ್ತಿದ್ದಳು. ಕಷಾಯ ಎಲ್ಲರಿಗೂ ಕಾಣುತ್ತಿತ್ತು. ಮಾತ್ರೆ ಯಾರಿಗೂ ಕಾಣುತ್ತಿರಲಿಲ್ಲ.

ಕಾಣುವ ಹಾಗೂ ಇರಲಿಲ್ಲ. ಹಿಂದೆ ಬಸಿರಾಗಿದ್ದಾಗ ರಕ್ತ ಪರೀಕ್ಷೆಯಾಗಿ ಸೋಂಕು ಗೊತ್ತಾಗಿದ್ದು ಅವಳಿಗೆ. ಗಂಡ ಮೂಜಿ ಪರೀಕ್ಷೆಗೆ ಹೋದವನಲ್ಲ. ಮೊದಲು ಗೊತ್ತಾದವರೇ ರೋಗ ತಂದವರು ಎಂಬುದು ಅಲ್ಲಿನ ಲೆಕ್ಕ. ಕೆಳಗಿನ ಮನೆಯವರು ತಮ್ಮ ಸೊಸೆಯನ್ನು ಹಾಗೆಯೇ ಕೂಸಿನ ಸಮೇತ ಹೊರಗೆ ಹಾಕಿದ್ದರು.

ಈ ಸಲ ಮಾತ್ರೆ ತರಲು ಹೋದಾಗ ಕ್ಲಿನಿಕ್ಕಿನ ನರ್ಸ್ ಹುಬ್ಬು ಗಂಟಿಕ್ಕಿದಳು. "ವೈರಸ್ ಮತ್ತೆ ಹೆಚ್ಚಾಗಿದೆಯಲ್ಲ ತಂಗಿ. ಮಾತ್ರೆ ಬಿಟ್ಯಾ?"

"ಒಂದಿನಾನೂ ಬಿಟ್ಟಿಲ್ಲ ಸಿಸ್ಟರ್."

"ಗೆಡ್ಡೆ, ಬೇರು ಏನಾದ್ರೂ ಕುಡೀತೀಯಾ?"

"ಇನ್ಕೊಂಫೆ. ದಿನಾ."

"ಅದು ಮಾತ್ರೆ ಬಲ ತಗ್ಗಿಸ್ತಿರಬಹುದು. ಖಂಡಿತ ಅಂತ ಹೇಳಕ್ಕಾಗಲ್ಲ. ಆದ್ರೂ ಇವತ್ತಿಂದ ನಿಲ್ಸು."

ನಿಲ್ಲಿಸಿದರೆ ಮಾತ್ರೆಗೆ ಮರೆಯಿಲ್ಲ. ಮಾಖೋಜಾ ಪಾತ್ರೆಯನ್ನು ಎಂದಿನಂತೆ ಒಲೆಯ ಮೇಲಿಟ್ಟು, ಬರೀ ಚಹಾ ಸೊಪ್ಪು ಹಾಕಿ ಕಪ್ಪಗೆ ಕುದಿಸತೊಡಗಿದಳು.

ಶನಿವಾರ ಸಂಜೆ, ಪೇಟೆಯಲ್ಲಿ ವ್ಯಾನ್ ಓಡಿಸುವ ಮೂಜಿ ಮನೆಗೆ ಬಂದು ಕಾಲು ಚಾಚಿ ಕೂತಿದ್ದ. ಅತ್ತೆ ಒಲೆಯ ಹತ್ತಿರ ಬಂದಳು.

"ನಂಗೂ ಒಂದು ಲೋಟ ಕೊಡೇ ಮಾಖೋಜಾ. ಸೊಂಟ ಹಿಡ್ಕೊಂಡಿದೆ."

ಕೊಡದಿರಲು ನೆವ ಸಿಗಲಿಲ್ಲ. ಅತ್ತೆ ಒಂದು ಗುಟುಕು ಕುಡಿದಳು. ಲೋಟದೊಳಗೆ ನೋಡಿದಳು. ಆಮೇಲೆ ಮಾತ್ರೆಯ ಮೇಲೆ ಮುಚ್ಚಿದ್ದ ಸೊಸೆಯ ಮುಷ್ಟಿಯನ್ನು ನೋಡಿದಳು.

"ನಂಗೂ ಹಾಕು," ಎಂದು ಮೂಜಿ ಎದ್ದ. "ಇವಳು ಅದೇನು ಕುಡಿದು ಹಿಂಗೆ ದುಂಡಗಾಗ್ತಿದಾಳೋ ನೋಡೋಣ."

"ಕೂತ್ಕೊಳ್ಳೋ," ಅತ್ತೆ ಮುಖ ಕಿವುಚಿದಳು. "ವಿಷದಂಥ ಕಹಿ. ಹುಟ್ಟಿದಾಗಿಂದ ಒಂದು ಲೋಟ ತೊಳೆದೋನಲ್ಲ, ನಿಂಗ್ಯಾಕೆ ಶಕ್ತಿ?"

ಮೂಜಿ ನಗುತ್ತ ಕೂತ.

ಭಾನುವಾರ ಬೆಳಿಗ್ಗೆ ಮಾಖೋಜಾ ನೀರು ಹೊತ್ತು ಬಂದಾಗ ಅಡುಗೆಮನೆಯ ಬಾಗಿಲಲ್ಲಿ, ಹೋಗಿಬರುವವರಿಗೆಲ್ಲ ಕಾಣುವಂತೆ, ಇನ್ಕೊಂಫೆಯ ಹಸಿ ಸಿಪ್ಪೆ ಬಿದ್ದಿತ್ತು. ಅತ್ತೆ ನೆಲದ ಮೇಲೆ ಕೂತು ಗೆಡ್ಡೆ ಹೆರೆಯುತ್ತಿದ್ದಳು. ಆ ಪಾತ್ರೆಯ ಕೆಲಸಕ್ಕೆ ಅವಳು ಕೈಹಾಕಿದ್ದು ಅದೇ ಮೊದಲು.

"ಸಿಪ್ಪೆ ಇಲ್ದೆ ಕಷಾಯ ಮಾಡ್ತಾರೇನೇ ಯಾರಾದ್ರೂ?" ಎಂದಳು, ತಲೆಯೆತ್ತದೆ.

ಹೆರೆದ ಗೆಡ್ಡೆಯನ್ನು ಒಲೆಯ ಬೆಂಕಿಗೆ ಹಾಕಿ, ಚಹಾ ಡಬ್ಬಿಯನ್ನು ಸೊಸೆಯ ಕಡೆ ತಳ್ಳಿದಳು.