ಅಳುವವರಿಗೆ ವೈಫೈ, ಬರೆಯುವವರಿಗೆ ತಂತಿ

ಕಿಸುಮು ನಗರದ ಮನ್ಯಾಟ್ಟಾ ಬಡಾವಣೆಯಲ್ಲಿ ಬೆಳಗಿನ ಆರು ಗಂಟೆ. ನಲವತ್ತು ಮೀಟರ್ ಕೇಬಲ್ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಅವೂರ್ ಬಾಗಿಲು ತಟ್ಟುತ್ತಾರೆ. ಮುರಿದ ಕಾಲಿಗೆ ಪಟ್ಟಿ ಸುತ್ತಿಕೊಂಡ ಟ್ರುಫೇನಾ ಬಾಗಿಲು ತೆರೆದು, ಆಕೆಯ ಬೆನ್ನಹಿಂದೆ ಇಣುಕುತ್ತಾರೆ.

"ಮೇಸ್ತ್ರಿ ಎಲ್ಲಿದಾನಮ್ಮಾ?"

"ನಾನೇ ಕಣಮ್ಮಾ. ಮೀಸೆ ಮನೇಲಿಟ್ಟು ಬಂದಿದೀನಿ."

ಹದಿನಾಲ್ಕು ವರ್ಷಗಳಿಂದ ಈ ಪ್ರಶ್ನೆ ತಪ್ಪಿಲ್ಲ ಎಂದು, ತಮ್ಮ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ ಅವೂರ್ ಹೇಳುತ್ತಾರೆ. ಸರೋವರದ ದಡದಲ್ಲಿ ಒಣಮೀನು ಮಾರುತ್ತಿದ್ದ ಅವೂರ್, ಗುತ್ತಿಗೆದಾರನೊಬ್ಬನ ಕೇಬಲ್ ಹೊರಲು ಹೋಗಿ ಮನೆಗಳಿಗೆ ಇಂಟರ್ನೆಟ್ ಹಾಕುವ ಕೆಲಸ ಕಲಿತವರು. ದಿನಕ್ಕೆ ಆರೇಳು ಮನೆ. ಎರಡು ಸಲ ಮಾಡಿನಿಂದ ಬಿದ್ದಿದ್ದಾರೆ. ಇಂಟರ್ನೆಟ್ ಬಂದರೆ ಜನ ಕಂಪನಿಯನ್ನು ಹೊಗಳುತ್ತಾರೆ, ಹೋದರೆ ಅವೂರ್ ಅವರನ್ನು ಬೈಯುತ್ತಾರೆ.

ಇಂದು ಹತ್ತಕ್ಕೆ ಈ ಮನೆಯ ಮಗಳು ಅಪೊಂಡಿಗೆ ಕಂಪ್ಯೂಟರಿನಲ್ಲಿ ನರ್ಸಿಂಗ್ ಪ್ರವೇಶ ಪರೀಕ್ಷೆ. ಅದೇ ಹತ್ತಕ್ಕೆ ದೂರದ ಹುಟ್ಟೂರಿನಲ್ಲಿ ಟ್ರುಫೇನಾರ ಅಣ್ಣನನ್ನು ಮಣ್ಣು ಮಾಡುತ್ತಾರೆ. ಸತ್ತವರನ್ನು ನೆನೆದು ಎಲ್ಲರ ಮುಂದೆ ದನಿಯೆತ್ತಿ ಅಳುವುದು ಇಲ್ಲಿನ ಪದ್ಧತಿ; ಹೋಗಲಾಗದ ತಂಗಿ ಫೋನಿನಲ್ಲೇ ಅಳಬೇಕು. ಕಂಪ್ಯೂಟರಿಗೆ ತಂತಿ ಸಿಕ್ಕಿಸಿದರೆ ಫೋನಿನ ವೈಫೈ ಸಾಯುತ್ತದೆಂದು ತಾಯಿ ಮಗಳಿಬ್ಬರೂ ನಂಬಿದ್ದಾರೆ.

"ಚಿಕ್ಕಪ್ಪನ ಮಣ್ಣಿನ ದಿನ ಇವಳು ತಂತಿ ಸಿಕ್ಕಿಸಿದ್ಲು, ನನ್ನ ಫೋನು ನಿಂತೋಯ್ತು. ಟ್ರುಫೇನಾ ಅರ್ಧ ಅತ್ತು ಎದ್ದೋದ್ಲು ಅಂತ ಊರೆಲ್ಲ ಆಡ್ಕೊಂಡ್ರು. ಒಡಹುಟ್ಟಿದೋನಿಗೂ ಅರ್ಧ ಅಳ್ಲಾ?" ಎನ್ನುತ್ತಾರೆ ಟ್ರುಫೇನಾ.

"ಹೋದ ವರ್ಷ ಪರೀಕ್ಷೆ ಮಧ್ಯ ತಂತಿ ಕಿತ್ತೋರು ಯಾರಮ್ಮಾ?" ಎನ್ನುತ್ತಾಳೆ ಅಪೊಂಡಿ.

ಅವೂರ್ ರೌಟರ್ ಹುಡುಕುತ್ತಾರೆ. ಅದು ಕಪಾಟಿನೊಳಗೆ, ಅತಿಥಿಗಳಿಗೆಂದಿಟ್ಟ ಚಹಾ ಕಪ್ಪುಗಳ ನಡುವೆ, ದಪ್ಪ ಕ್ರೋಶಾ ಹೆಣಿಗೆಯ ಬಟ್ಟೆ ಹೊದ್ದು ಬೆವರುತ್ತಿದೆ. ಈ ಊರಿನ ಮನೆಗಳಲ್ಲಿ ಕ್ರೋಶಾ ಹೊದಿಕೆಯಿಂದ ತಪ್ಪಿಸಿಕೊಂಡಿರುವುದು ಕೋಳಿಗಳು ಮಾತ್ರ.

"ಇದಕ್ಕೆ ಚಳಿ ಆಗಿತ್ತೇನಮ್ಮಾ?"

"ಧೂಳು ಕೂರುತ್ತಲ್ಲಾ. ನಾನೇ ಹೆಣೆದಿದ್ದು."

"ತಂತೀನೂ ವೈಫೈನೂ ಒಟ್ಟಿಗೇ ನಡೆಯುತ್ತೆ. ಒಂದೇ ಒಲೆ ಮೇಲೆ ಎರಡು ಪಾತ್ರೆ ಇಟ್ಟಂಗೆ. ಬಿಸಿ ಏರಿಸಿ ಇದರ ಉಸಿರು ಕಟ್ಟಿಸಿದ್ದು ನಿಮ್ಮ ಹೊದಿಕೆ, ನಿಮ್ಮ ಕಪಾಟು."

ರೌಟರ್ ಕಪಾಟಿನ ನೆತ್ತಿಗೇರುತ್ತದೆ, ಬರಿಮೈಯಲ್ಲಿ. ತಂತಿ ಮಾತ್ರ ಕಿಟಕಿ ದಾಟಿ, ಅಂಗಳ ದಾಟಿ, ಪಕ್ಕದ ಮನೆಯ ಕೋಣೆ ಸೇರುತ್ತದೆ. "ಅಮ್ಮನ ಅಳು ಕೇಳ್ತಾ ಯಾರು ಪರೀಕ್ಷೆ ಬರೀತಾರೆ?" ಎನ್ನುತ್ತಾ ಅವೂರ್ ಅಪೊಂಡಿಯನ್ನು ಅಲ್ಲಿ ಕೂರಿಸಿ ಬಂದು, ತಂತಿ ಕಾಯಲು ಹೊಸ್ತಿಲ ಮೇಲೆ ಕೂರುತ್ತಾರೆ. ಹೋದ ವರ್ಷ ತಂತಿ ಕಿತ್ತ ಕೈ ಯಾವುದೆಂದು ಅವರಿಗೂ ಈಗ ಗೊತ್ತು.

ಹತ್ತಕ್ಕೆ ಅಳು ಶುರುವಾಗುತ್ತದೆ. ಅಣ್ಣ ಬಾಲ್ಯದಲ್ಲಿ ತನ್ನನ್ನು ಹೊತ್ತು ತಿರುಗಿದ್ದು, ಕದ್ದು ಕೊಟ್ಟ ಮಾವು, ಎಲ್ಲವೂ ಬರುತ್ತವೆ. ನನ್ನ ಕಣ್ಣೂ ಒದ್ದೆಯಾಗುತ್ತದೆ. ಫೋನಿನಲ್ಲಿ ಆ ಅಳುವಿನ ಒಂದು ಉಸಿರೂ ಕಡಿದುಹೋಗುವುದಿಲ್ಲ. ಕೊನೆಗೆ ಊರಿನವರೇ ಫೋನಿನೊಳಗಿಂದ, "ಸಾಕು ಮಾಡವ್ವಾ, ಮಣ್ಣು ಮುಚ್ಚಿ ಆಯ್ತು" ಎನ್ನುತ್ತಾರೆ. ಅಷ್ಟರಲ್ಲಿ ಅಪೊಂಡಿ ಕೊನೆಯ ಪ್ರಶ್ನೆಯನ್ನೂ ಮುಗಿಸಿ ಬರುತ್ತಾಳೆ. ತಾಯಿ ಮಗಳನ್ನು ತಬ್ಬಿಕೊಂಡು ಮತ್ತೊಮ್ಮೆ ಅಳುತ್ತಾರೆ.

ನಿಮಗೇನು ಆಸೆ ಎಂದು ಅವೂರ್ ಅವರನ್ನು ಕೇಳುತ್ತೇನೆ. ಅವರು ಸುರುಳಿ ಹೆಗಲಿಗೇರಿಸುತ್ತಾರೆ.

"ನಾನು ಸತ್ತಾಗ ಬಟ್ಟೆ ನನಗೆ ಹೊದಿಸ್ಲಿ, ರೌಟರಿಗೆ ಬೇಡ. ದೂರದಲ್ಲಿರೋರೂ ಪೂರ್ತಿ ಅಳ್ಲಿ."