ಬಿಚ್ಚಲಾಗದ ಬೋರ್ಡು

ಓಖ್ಲಾದ ಸಣ್ಣ ಕಾರ್ಖಾನೆಯೊಂದರಲ್ಲಿ ಕೃಷ್ಣಮೂರ್ತಿ ಹನ್ನೊಂದು ವರ್ಷದಿಂದ ಕಂಟ್ರೋಲ್ ಪ್ಯಾನೆಲ್‌ಗಳಿಗೆ ಬೋರ್ಡು ವಿನ್ಯಾಸ ಮಾಡುತ್ತಿದ್ದ. ಅವನದು ಒಂದೇ ಹಟ: ಕೆಟ್ಟದ್ದನ್ನು ಅಲ್ಲಿಯ ಎಲೆಕ್ಟ್ರಿಷಿಯನ್ನೇ ಸ್ಕ್ರೂಡ್ರೈವರ್ ಹಿಡಿದು ಸರಿಮಾಡುವಂತಿರಬೇಕು. ಮೈಕ್ರೋಕಂಟ್ರೋಲರ್ ಚಿಪ್ಪು, ಯಂತ್ರವನ್ನು ಚಾಲೂ ಮಾಡುವ ರಿಲೇ ಎಲ್ಲ ಸಾಕೆಟ್ಟಿನಲ್ಲಿ. ಎಳೆದರೆ ಬರಬೇಕು, ಒತ್ತಿದರೆ ಕೂರಬೇಕು.

ಮಾಲೀಕ ಸೇಠಿಗೆ ಮಾತ್ರ ಹಗಲಿರುಳೂ ನಕಲಿನ ಭಯ. ಚಿಪ್ಪಿನ ನಂಬರನ್ನು ಮರಳುಕಾಗದದಿಂದ ಉಜ್ಜಿ ಅಳಿಸಿ, ಇಡೀ ಬೋರ್ಡಿನ ಮೇಲೆ ಕಪ್ಪು ಎಪಾಕ್ಸಿ ಅಂಟು ಸುರಿಸುತ್ತಿದ್ದ. ಒಣಗಿತೆಂದರೆ ಬಂಡೆ. ಕದಿಯುವವನು ಹೇಗೂ ಕದಿಯುತ್ತಾನೆ, ಒದ್ದಾಡುವವನು ಕೊಂಡವನು. ಇಷ್ಟು ಸರಳ ಸತ್ಯ ಹೇಳಿ ಹೇಳಿ ಕೃಷ್ಣಮೂರ್ತಿಯ ಗಂಟಲು ಒಣಗಿತ್ತು.

2006ರ ಜೂನ್. ಸಾಹಿಬಾಬಾದಿನ ಹಾಲು ತಂಪುಮಾಡುವ ಘಟಕದಲ್ಲಿ ಇವರದೇ ಪ್ಯಾನೆಲ್ ನಡೆಸುತ್ತಿದ್ದ ಕಂಪ್ರೆಸರ್ ನಿಂತಿತು. ಇನ್ನೂ ಅಂಟು ಸುರಿಯದ ಒಂದು ಬೋರ್ಡು ಚೀಲಕ್ಕೆ ಹಾಕಿಕೊಂಡು ಕೃಷ್ಣಮೂರ್ತಿ ಓಡಿದ. ಅಷ್ಟರಲ್ಲಿ ಹುಳಿತ ಹಾಲು ಚರಂಡಿಯಲ್ಲಿ ಹರಿಯುತ್ತಿತ್ತು.

ಎಲೆಕ್ಟ್ರಿಷಿಯನ್ ಇದ್ರೀಸ್ ಪ್ಯಾನೆಲ್ಲಿನ ಬಾಗಿಲು ತೆರೆದಿಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಉಳಿ, ಸುತ್ತಿಗೆ.

"ಸಾಬ್, ದೀಪ ಹತ್ತತ್ತೆ, ರಿಲೇ ಟಕ್ ಅನ್ನಲ್ಲ. ರಿಲೇನೇ ಸತ್ತಿರೋದು. ನನ್ನ ಜೇಬಲ್ಲೇ ಒಂದಿದೆ. ಎಲ್ಲಿ ಹಾಕ್ಲಿ, ಈ ಗೋರಿ ಮೇಲಾ?"

ಕೃಷ್ಣಮೂರ್ತಿ ಬಗ್ಗಿ ನೋಡಿದ. ಆ ಕಪ್ಪು ಬಂಡೆಯ ಒಳಗೆ ತಾನೇ ಇಟ್ಟ ಸಾಕೆಟ್ಟಿತ್ತು.

"ನಿಮ್ಮ ಕೈಕೆಲಸ ಅಚ್ಛಾ ಇರತ್ತೆ ಅಂತ ಕೇಳಿದ್ದೆ," ಎಂದು ಇದ್ರೀಸ್ ಚುಚ್ಚಿದ. "ಎರಡು ನಿಮಿಷದ ಕೆಲಸಕ್ಕೆ ನಾಲ್ಕು ಟ್ಯಾಂಕ್ ಹಾಲು ಹೋಯ್ತು."

ಕೃಷ್ಣಮೂರ್ತಿ ಹೊಸ ಬೋರ್ಡು ಕೂರಿಸಿದ. ಕಂಪ್ರೆಸರ್ ಗುಡುಗಿತು. ಆಮೇಲೆ ಅವನು ಮಾರ್ಕರ್ ತೆಗೆದು, ಪ್ಯಾನೆಲ್ ಬಾಗಿಲಿನ ಒಳಮೈಗೆ ಇಡೀ ಸರ್ಕಿಟ್ಟನ್ನು ಬರೆಯತೊಡಗಿದ: ಯಾವ ಚಿಪ್ಪು, ಯಾವ ರಿಲೇ, ಎಲ್ಲಿ ಎಷ್ಟು ವೋಲ್ಟು.

ಘಟಕದ ಮ್ಯಾನೇಜರ್ ಹೇಳಿರಬೇಕು, ಸೇಠಿಯ ಫೋನ್ ಬಂತು. "ಮೂರ್ತೀಜಿ, ತಲೆ ಕೆಟ್ಟಿದೆಯಾ? ಬೋರ್ಡು ವಾಪಸ್ ತನ್ನಿ, ಅಂಟು ಹಾಕಿ ಕಳಿಸೋಣ. ಬರೆದದ್ದು ಥಿನ್ನರ್ ಹಾಕಿ ಒರೆಸಿ. ಇಲ್ಲಾಂದ್ರೆ ನಾಳೆ ಬರಬೇಡಿ."

ಮಯೂರ್ ವಿಹಾರದ ಮನೆ, ಮಗಳ ಕಾಲೇಜು, ನಲವತ್ತೆಂಟರ ವಯಸ್ಸು. ಎಲ್ಲ ಒಮ್ಮೆಲೇ ಅವನಿಗೆ ನೆನಪಾಯಿತು.

"ನಾಳೆ ಬರಲ್ಲ," ಎಂದ. ಫೋನನ್ನು ಜೇಬಿಗೆ ತುರುಕಿದ.

"ಸಾಬ್," ಎಂದ ಇದ್ರೀಸ್, ಈಗ ತಗ್ಗಿದ ದನಿಯಲ್ಲಿ. "ಆ ಚಿಪ್ಪಿನ ಕೊನೇ ನಂಬರ್ ಏಳಾ, ಒಂದಾ?"

"ಏಳು," ಎಂದು ಕೃಷ್ಣಮೂರ್ತಿ ಅದನ್ನು ಮತ್ತೊಮ್ಮೆ ದಪ್ಪಗೆ ತಿದ್ದಿದ.